ಬೇಡದ ಧ್ವನಿ

ಮದುವೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವನು ವಿಡಿಯೋದವನು. ಮದುಮಗಳು ಬಾಯಿ ಬಿಡುವುದಿಲ್ಲ, ಮದುಮಗನಿಗೆ ಬೆವರು ಒರೆಸಿಕೊಳ್ಳುವುದರಲ್ಲೇ ಪುರುಸೊತ್ತಿಲ್ಲ, ಪುರೋಹಿತರು ಹೇಳುವುದು ಯಾರಿಗೂ ಅರ್ಥವಾಗುವುದಿಲ್ಲ. ವಿಡಿಯೋದವನು ಮಾತ್ರ ಬೆಳಗಿನಿಂದ ಬಾಯಿ ಮುಚ್ಚುವುದಿಲ್ಲ. 'ಸ್ವಲ್ಪ ಈ ಕಡೆ ನೋಡಿ', 'ಅಜ್ಜಿ, ಸೆರಗು ಸರಿ ಮಾಡ್ಕೊಳಿ', 'ಭಟ್ರೇ, ತಾಳಿ ಇನ್ನೊಂದ್ ಸಲ ಎತ್ತಿ ಹಿಡೀರಿ.' ಆದರೆ ವಿಡಿಯೋ ಮನೆಯವರ ಕೈ ಸೇರುವಾಗ ಅವನ ಒಂದು ಅಕ್ಷರವೂ ಅದರಲ್ಲಿ ಇರಬಾರದು. ಅದು ಆ ಕಸುಬಿನ ರಿವಾಜು.

ಕೊಟ್ಟಿಗೆಹಾರದಲ್ಲಿ ಆ ಅಕ್ಷರಗಳನ್ನು ಅಳಿಸುತ್ತಿದ್ದವಳು ರುದ್ರಾಣಿ. ಆಡುತ್ತಿದ್ದವನು ಅವಳ ಗಂಡ ಪ್ರಸಾದ್. ಅವನು ಊರೂರು ತಿರುಗಿ ಶೂಟಿಂಗ್ ಮಾಡಿ ತಂದದ್ದನ್ನು ಅವಳು ಮನೆಯಲ್ಲಿ ಕೂತು ಎಡಿಟ್ ಮಾಡುವಳು. ಅವನ ಮಾತು ಬಂದಲ್ಲೆಲ್ಲ ಕತ್ತರಿ ಹಾಕಿ, ಆ ಜಾಗಕ್ಕೆ ವಾಲಗವನ್ನೋ ಸಿನಿಮಾ ಹಾಡನ್ನೋ ತುಂಬುವಳು. "ನೀವು ಸ್ವಲ್ಪ ಬಾಯಿ ಮುಚ್ಕೊಂಡು ಶೂಟ್ ಮಾಡಿದ್ರೆ ನನ್ನ ಅರ್ಧ ಕೆಲಸ ಉಳಿಯುತ್ತೆ ಕಣ್ರೀ" ಎಂದು ರೇಗುವಳು. ಅವನು ನಗುವನು. ಆ ನಗುವನ್ನೂ ಅವಳು ಎಷ್ಟೋ ಮದುವೆಗಳಿಂದ ಅಳಿಸಿದ್ದಳು.

ಕಳೆದ ಏಪ್ರಿಲ್‌ನಲ್ಲಿ ಪ್ರಸಾದ್ ಜಾವಳಿಯ ಎಸ್ಟೇಟ್ ಮನೆಯೊಂದರ ಮದುವೆ ಮುಗಿಸಿ ಬಂದ. ಅದೇ ವಾರ ಎದೆನೋವು ಎಂದ. ಮಂಗಳೂರಿಗೆ ಕರೆದೊಯ್ಯುವಾಗ ಚಾರ್ಮಾಡಿ ಘಾಟಿಯ ತಿರುವುಗಳಲ್ಲೇ, ಅವಳ ತೊಡೆಯ ಮೇಲೆ ತಲೆಯಿಟ್ಟು, ಹೋಗಿಬಿಟ್ಟ.

ಬಂದವರೆಲ್ಲ ಹೊರಟು ಮನೆ ಖಾಲಿಯಾದ ಮೇಲೆ ರುದ್ರಾಣಿಗೆ ಅವನ ಧ್ವನಿ ಕೇಳಬೇಕೆನಿಸಿತು. ಹುಡುಕಿದಳು. ಒಂದೂ ಇಲ್ಲ. ಪ್ರಸಾದ್ ವಾಯ್ಸ್ ಮೆಸೇಜ್ ಕಳಿಸುವವರ ಪೈಕಿಯಲ್ಲ. ಫೋನ್ ಮಾಡುವನು, ಹೇಳುವನು, ಇಡುವನು. ಕ್ಯಾಮೆರಾ ಹಿಂದೆ ನಿಂತವನಾದ್ದರಿಂದ ವಿಡಿಯೋಗಳಲ್ಲೂ ಇಲ್ಲ. ಅವರದ್ದೇ ಮದುವೆಯ ವಿಡಿಯೋದಲ್ಲಿ ಅವನು ಬಾಯಿ ಆಡಿಸುತ್ತಾನೆ, ಕೇಳುವುದು ಮಾತ್ರ ಯಾವುದೋ ಗಾಯಕನ ಹಾಡು. ಹಳೆಯ ಮದುವೆಗಳ ಅಸಲು ಕ್ಲಿಪ್ಪುಗಳನ್ನು ಜಾಗ ಸಾಲದೆಂದು ಅವಳೇ ಆಗಾಗ ಅಳಿಸಿದ್ದಳು. ಇಷ್ಟು ವರ್ಷ ಜತೆಗೆ ಬದುಕಿದವನು ಒಂದು ಮಾತೂ ಉಳಿಸದೆ ಹೋಗಿದ್ದ, ಅವನ ಮಾತನ್ನೆಲ್ಲ ಗುಡಿಸಿ ಹಾಕಿದವಳು ತಾನೇ ಎಂದು ತಿಳಿದ ದಿನ ಅವಳು ಅತ್ತದ್ದು ಅವನು ಹೋದ ದಿನಕ್ಕಿಂತ ಹೆಚ್ಚು.

ಉಳಿದದ್ದು ಒಂದೇ, ಇನ್ನೂ ಎಡಿಟ್ ಆಗದ ಜಾವಳಿಯ ಮದುವೆ.

ಆದರೆ ಅದನ್ನು ಕೇಳುವುದೇ ಪೀಕಲಾಟವಾಯಿತು. ಪ್ರಸಾದ್ ಆ ಮದುವೆಗೆಂದೇ ಹೊಸ ಕ್ಯಾಮೆರಾ ಕೊಂಡಿದ್ದ. ಅದರ ಕ್ಲಿಪ್ಪುಗಳು ಭಾರ. ಮನೆಯ ಕಂಪ್ಯೂಟರೋ ಬುತ್ತಿ ಡಬ್ಬಿಯಷ್ಟೇ ದೊಡ್ಡದು. ಬ್ಯಾಗಿನಲ್ಲಿ ಹಾಕಿಕೊಂಡು ಛತ್ರಕ್ಕೂ ಒಯ್ಯಬಹುದೆಂದು ಅವನೇ ತಂದದ್ದು. ಕ್ಲಿಪ್ ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತಿತ್ತು, ಧ್ವನಿ ತುಂಡು ತುಂಡು. ವಾಲಗ, ಜನರೇಟರ್, ಮೈಕಿನ ಗದ್ದಲದ ಅಡಿಯಿಂದ 'ಸ್ವ... ಈ ಕ... ನೋ...' ಎಂದಷ್ಟೇ ಕೇಳುತ್ತಿತ್ತು. ಧ್ವನಿಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್ ಒಂದನ್ನು ತರಿಸಿಕೊಂಡಳು. ಅದು ಇಂಥ ಭಾರದ ಕೆಲಸ ಎಳೆಯುವ ಗ್ರಾಫಿಕ್ಸ್ ಕಾರ್ಡ್ ಇಲ್ಲವೆಂದು ಮುನಿದು ಪ್ರತಿಸಲವೂ ನಡುವೆಯೇ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ವರ್ಷ ತುಂಬುತ್ತ ಬಂತು. ಜಾವಳಿಯ ಮದುಮಗಳು ದೀಪಶ್ರೀಯ ತಾಯಿ ವಿಶಾಲಾಕ್ಷಮ್ಮ ಪಾಪ, ಇಷ್ಟು ದಿನ ತುಟಿ ಪಿಟಕ್ಕೆಂದಿರಲಿಲ್ಲ. ಈಗ ಫೋನ್ ಮಾಡಿದರು. "ಮಕ್ಕಳ ಮದ್ವೆಯ ವರ್ಷದ ದಿನ ಹತ್ರ ಬಂತಮ್ಮ. ನಿಮ್ ಕೈಲಿ ಆಗುತ್ತಾ? ಇಲ್ಲದಿದ್ರೆ ಹಾಗೇ ಕೊಡಿ, ಚಿಕ್ಕಮಗಳೂರಲ್ಲಿ ಯಾರ ಹತ್ರಾದ್ರೂ ಮಾಡಿಸ್ಕೋತೀವಿ."

"ನಾನೇ ಮಾಡ್ತೀನಮ್ಮ" ಎಂದಳು ರುದ್ರಾಣಿ. ಇನ್ಯಾರೋ ಅವನ ಧ್ವನಿಯನ್ನು ಅಳಿಸುವುದು ಅವಳಿಂದ ಊಹಿಸಲೂ ಆಗಲಿಲ್ಲ.

ಊರಿನ ಜಂಕ್ಷನ್ನಿನಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಶಾಕಿರ್ ಪ್ರಸಾದನ ಸ್ನೇಹಿತ. ರುದ್ರಾಣಿ ಕಷ್ಟ ಹೇಳಿಕೊಂಡಾಗ ಅವನು ಮುಚ್ಚಿಹೋದ ಗೇಮ್ ಸೆಂಟರಿನ ಹಳೇ ಗ್ರಾಫಿಕ್ಸ್ ಕಾರ್ಡೊಂದನ್ನು ಹೊತ್ತು ತಂದ. ಅದು ಕಂಪ್ಯೂಟರಿಗಿಂತ ದೊಡ್ಡದಿತ್ತು.

"ಇದು ಇದರೊಳಗೆ ಹೋಗುತ್ತೇನೋ?" ರುದ್ರಾಣಿ ಕೇಳಿದಳು.

"ಒಳಗೆ ಎಲ್ಲಿ ಹೋಗುತ್ತಕ್ಕ! ಹೊರಗೇ ಕೂರಿಸಿ ಕೇಬಲ್ ಎಳೆಯೋದು. ಆದ್ರೆ ಕೇಬಲ್ ಸಿಕ್ಕಿಸೋಕೆ ಒಳಗೊಂದು ಜಾಗ ಬೇಕು. ಅಲ್ಲಿ ಪ್ರಸಾದಣ್ಣನ ಡ್ರೈವ್ ಕೂತಿದೆ."

ಆ ಡ್ರೈವ್ ಬೆರಳಿನಷ್ಟುದ್ದದ ಪಟ್ಟಿ. ಜಾವಳಿಯ ಮದುವೆ ಇದ್ದದ್ದು ಅದರಲ್ಲೇ. ಶಾಕಿರ್ ಅದನ್ನು ಬಿಡಿಸಿ ಯುಎಸ್‌ಬಿ ಡಬ್ಬಿಯೊಂದರಲ್ಲಿಟ್ಟು ಹೊರಗಿನಿಂದ ಜೋಡಿಸಿದ. ಖಾಲಿಯಾದ ಜಾಗಕ್ಕೆ ಹಸಿರು ಸರ್ಕ್ಯೂಟಿನ ತುಣುಕೊಂದನ್ನು ಕೂರಿಸಿ, ಅದರಿಂದ ದಪ್ಪ ಕೇಬಲ್ ಎಳೆದು, ಮೇಜಿನ ಮೇಲೆ ಬರಿಮೈಯಲ್ಲಿ ನಿಂತ ಕಾರ್ಡಿಗೆ ಸೇರಿಸಿದ. ಕಾರ್ಡಿಗೆ ಬೇರೆಯೇ ಪವರ್ ಸಪ್ಲೈ. ಕಂಪ್ಯೂಟರಿನ ಮುಚ್ಚಳ ಮತ್ತೆ ಹಾಕಲು ಬರಲಿಲ್ಲ.

"ಮೊದಲು ಕಾರ್ಡ್ ಆನ್, ಆಮೇಲೆ ಕಂಪ್ಯೂಟರ್. ಬಂದ್ ಮಾಡುವಾಗ ಮೊದಲು ಕಂಪ್ಯೂಟರ್. ಚಾಲೂ ಇರುವಾಗ ಈ ಕೇಬಲ್ ಮಾತ್ರ ಎಳೀಬೇಡಿ ಅಕ್ಕ, ಎಲ್ಲಾ ಕೆಟ್ಟುಹೋಗುತ್ತೆ. ಮತ್ತೆ, ಈ ಡ್ರೈವಿಂದು ಬೇರೆ ಕಾಪಿ ಇದೆಯಾ?"

"ಇಲ್ಲ."

"ಹಂಗಾರೆ ಇವತ್ತು ಮುಟ್ಟಬೇಡಿ. ನಾಳೆ ದೊಡ್ಡ ಹಾರ್ಡ್‌ಡಿಸ್ಕ್ ತರ್ತೀನಿ, ಕಾಪಿ ಮಾಡಿ ಶುರು ಮಾಡೋಣ."

ಅವಳು ಹ್ಞೂಂ ಎಂದಳು. ಅವನ ಬೈಕಿನ ಸದ್ದು ರಸ್ತೆ ಮುಟ್ಟುವ ಮೊದಲೇ ಕಾರ್ಡಿನ ಸ್ವಿಚ್ ಹಾಕಿದ್ದಳು. ಒಂದು ವರ್ಷ ಕಾದವಳಿಗೆ ಇನ್ನೊಂದು ದಿನ ಕಾಯಲು ಆಗಲಿಲ್ಲ.

ಕಾರ್ಡಿನ ಫ್ಯಾನ್ ತಿರುಗಿತು. ಚಿತ್ರ ತಡೆಯಿಲ್ಲದೆ ಓಡಿತು. ಅಲ್ಲಲ್ಲಿ ಪ್ರಸಾದನ ಮಾತನ್ನು ಗುರುತು ಹಾಕಿ ಇದನ್ನು ಬೇರ್ಪಡಿಸು ಎಂದು ಸಾಫ್ಟ್‌ವೇರಿಗೆ ತೋರಿಸಿದಳು. ಪರದೆಯ ಮೇಲೆ ನೀಲಿ ಗೆರೆ ಸಲೀಸಾಗಿ ಮುಂದಕ್ಕೆ ಸರಿಯತೊಡಗಿತು. ಅರ್ಧ ದಾಟಿತು. ರುದ್ರಾಣಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಆಗ ಬಲ್ಲಾಳರಾಯನದುರ್ಗದ ಬೆಟ್ಟದ ಕಡೆಯಿಂದ ಗುಡುಗಿತು.

ಈ ಸೀಮೆಯವರ ಕೈಗೆ ಗುಡುಗು ಕೇಳಿದ ಮೇಲೆ ಬುದ್ಧಿ ಬೇಕಾಗುವುದಿಲ್ಲ. ಒಂದು ಮಳೆಗಾಲದಲ್ಲಿ ಟಿವಿ, ಇನ್ನೊಂದರಲ್ಲಿ ಫ್ರಿಜ್ಜು ಸುಟ್ಟುಕೊಂಡ ಮನೆಗಳವು. ಮೊದಲ ಗುಡುಗಿಗೇ ಕೈಗೆ ಸಿಕ್ಕ ವೈರನ್ನೆಲ್ಲ ಕೀಳುವುದು, ಆಮೇಲೆ ಒಣಗಿದ ಬಟ್ಟೆಗೆ ಓಡುವುದು. ರುದ್ರಾಣಿಯ ಕೈಗೆ ಮೊದಲು ಸಿಕ್ಕಿದ್ದು ಆ ದಪ್ಪ ಕೇಬಲ್. ಎಳೆದಳು. ಡ್ರೈವಿನದನ್ನೂ ಎಳೆದಳು. ಗೋಡೆಯ ಪ್ಲಗ್ ಕಿತ್ತು ತಿರುಗಿದಾಗಲೇ ತಾನು ಏನು ಮಾಡಿದೆನೆಂದು ಗೊತ್ತಾದದ್ದು.

ಗಾಬರಿಯಲ್ಲಿ ಎಲ್ಲವನ್ನೂ ಮತ್ತೆ ಸಿಕ್ಕಿಸಿದಳು. ಕಂಪ್ಯೂಟರ್ ಎದ್ದಿತು. ಡ್ರೈವ್ ಕಾಣಲಿಲ್ಲ. ಬಿಚ್ಚಿ ಹಾಕಿದಳು, ಕಾಣಲಿಲ್ಲ. ಮಳೆ ಜೋರಾಗಿ ಕರೆಂಟು ಹೋಯಿತು, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ. ಅವನನ್ನು ಎರಡನೇ ಸಲ ಕಳೆದುಕೊಂಡೆ, ಈ ಸಲ ನನ್ನ ಕೈಯಾರೆ ಎಂದು ಆ ಸಂಜೆಯೆಲ್ಲ ಅವಳು ಮೇಜಿನೆದುರು ಕೂತೇ ಇದ್ದಳು. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಒಂದು ಜೀವವೂ ಇರಲಿಲ್ಲ.

ಬೆಳಿಗ್ಗೆ ಹಾರ್ಡ್‌ಡಿಸ್ಕ್ ಹಿಡಿದು ಬಂದ ಶಾಕಿರ್ ಅವಳ ಮುಖ ನೋಡಿಯೇ ಚಪ್ಪಲಿ ಬಿಡುವುದನ್ನು ಮರೆತ. ವಿಷಯ ಕೇಳಿ ಬೈಯಲಿಲ್ಲ. "ಗುಡುಗಿದ್ರೆ ಗಿರಾಕಿ ಫೋನನ್ನೂ ಚಾರ್ಜರಿಂದ ಕಿತ್ತು ಬಿಸಾಡೋನು ನಾನು. ನಿಮಗೇನು ಹೇಳ್ಲಿ" ಎಂದು ಕೂತ. ತನ್ನ ಲ್ಯಾಪ್‌ಟಾಪಿಗೆ ಡ್ರೈವ್ ಸಿಕ್ಕಿಸಿ ಏನೇನೋ ಒತ್ತಿದ. ಇಟ್ಟ ಕಾಫಿ ಆರಿ ಕೆನೆಗಟ್ಟಿತು. ಕೊನೆಗೆ, "ಬಂತಕ್ಕ. ಎಲ್ಲಾ ಇದೆ" ಎಂದ.

ಈ ಸಲ ಮೊದಲು ಕಾಪಿ ಮಾಡಿದರು. ಆಮೇಲೆ ನೀಲಿ ಗೆರೆಯನ್ನು ಹೊರಡಿಸಿದರು. ಗೆರೆ ತುದಿ ಮುಟ್ಟಿದಾಗ ಎರಡು ಫೈಲ್ ಮೂಡಿದವು. ಒಂದು ಬೇಕಾದ ಧ್ವನಿ, ಇನ್ನೊಂದು ಬೇಡದ್ದು. ಬೇಡದ್ದನ್ನು ಅಳಿಸಲೇ ಎಂದು ಯಂತ್ರ ಕೇಳಿತು. ಶಾಕಿರ್ ಅವಳ ಕಡೆ ನೋಡದೆ, "ಅಂಗಡಿ ಬಾಗಿಲು ತೆಗೀಬೇಕು" ಎಂದು ಎದ್ದುಹೋದ.

ವಿಶಾಲಾಕ್ಷಮ್ಮನವರ ಪಾಲಿನ ಮದುವೆ ಶುದ್ಧವಾಗಿ ಬಂದಿತ್ತು. ಅದನ್ನು ಬದಿಗಿಟ್ಟು ರುದ್ರಾಣಿ ಬೇಡದ್ದನ್ನು ಹಾಕಿದಳು.

ವಾಲಗವಿಲ್ಲ, ಜನರೇಟರಿಲ್ಲ. ಬರೀ ಪ್ರಸಾದ್. "ಸ್ವಲ್ಪ ಈ ಕಡೆ ನೋಡಿ." ಬಹಳ ಹೊತ್ತು ಮೌನ. "ನಗ್ರೀ ಸಾರ್, ನಿಮ್ದೇ ಮದ್ವೆ." ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. ಮತ್ತೆ ಮೌನ. ಆಮೇಲೆ ಧ್ವನಿ ತಗ್ಗಿತು. ಕ್ಯಾಮೆರಾ ಓಡುತ್ತಿರುವಾಗಲೇ ಫೋನ್ ಮಾಡಿದ್ದ.

"ರುದ್ರಾಣಿ, ಇಲ್ಲಿ ಗುಡುಗು ಶುರುವಾಯ್ತು ಮಾರಾಯ್ತಿ. ಅಲ್ಲಿಗೂ ಬರುತ್ತೆ. ವೈರೆಲ್ಲ ತೆಗ್ದ್ಯಾ?"

ಮೌನ.

"ಕಂಪ್ಯೂಟರಿಂದೂ? ಸರಿ. ಊಟ ಮಾಡಿದ್ಯಾ?"

ಮತ್ತೆ ಮೌನ, ಸ್ವಲ್ಪ ಉದ್ದದ್ದು.

"ಆಯ್ತಾಯ್ತು, ಇಡ್ತೀನಿ." ಧ್ವನಿ ಮತ್ತೆ ಏರಿ ಮದುಮಗಳತ್ತ ತಿರುಗಿತು. "ಅಮ್ಮಾ, ತಲೆ ಸ್ವಲ್ಪ ಎತ್ತಿ."

ಆ ಮೌನಗಳಲ್ಲಿ ತಾನು ಏನು ಹೇಳಿದ್ದೆ? ಎಷ್ಟು ನೆನೆದರೂ ಬರಲಿಲ್ಲ. ಕೆಲಸದ ನಡುವೆ ಫೋನ್ ಮಾಡಬೇಡಿ ಎಂದು ರೇಗಿದ್ದಿರಬಹುದು. ಅವನ ಮಾತು ಸಿಕ್ಕಿತ್ತು, ಅವಳದ್ದು ಇರಲಿಲ್ಲ. ಅವಳು ಆ ತುಣುಕನ್ನೇ ಮತ್ತೆ ಮತ್ತೆ ಹಾಕಿದಳು. ಪ್ರತಿಸಲವೂ ಅವನು ಕೇಳುತ್ತಿದ್ದ, ಕಾಯುತ್ತಿದ್ದ.

ಮಧ್ಯಾಹ್ನ ದುರ್ಗದ ಮೇಲೆ ಮೋಡ ಕಟ್ಟಿತು. ಗುಡುಗುವ ಮೊದಲೇ ಅವಳು ಎದ್ದಳು. ಕಂಪ್ಯೂಟರ್ ಬಂದ್ ಮಾಡಿದಳು, ಆಮೇಲೆ ಕಾರ್ಡ್. ಫ್ಯಾನ್ ನಿಲ್ಲುವ ತನಕ ಕಾದು ಒಂದೊಂದೇ ವೈರ್ ಬಿಡಿಸಿದಳು. ಕೋಣೆ ನಿಶ್ಶಬ್ದವಾಯಿತು.

"ಎಲ್ಲಾ ತೆಗ್ದೆ ಕಣ್ರೀ" ಎಂದಳು. "ಊಟ ಇನ್ನೂ ಆಗಿಲ್ಲ."