ಅಡ್ಡ ಬಂದ ನಾಯಿ

ಕೋರ್ಟಿನ ಗೇಟಿನ ಎದುರು ಬಿಳಿ ಕಾರು ನಿಂತಿತು. ಡ್ರೈವರ್ ಅಕೀಬ ಇಳಿದು, ಸುತ್ತಿ ಬಂದು, ಎಡಗಡೆಯ ಬಾಗಿಲು ತೆರೆದು, ಹೊಳೆವ್ವನ ಮೊಣಕೈ ಹಿಡಿದು ಮೆಲ್ಲಗೆ ಇಳಿಸಿಕೊಂಡ. ಅವಳ ಸೆರಗು ಬಾಗಿಲ ಸಂದಿಗೆ ಸಿಕ್ಕಿತ್ತು, ಅದನ್ನೂ ಬಿಡಿಸಿ ಕೊಟ್ಟ. ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದ ವಕೀಲ ಪ್ರಬುದ್ಧ ಇದನ್ನೆಲ್ಲ ನೋಡಿ, ಕಪ್ಪನ್ನು ಕಟ್ಟೆಯ ಮೇಲಿಟ್ಟು ಹಣೆಗೆ ಕೈ ಹಚ್ಚಿಕೊಂಡ.

ಹೊಳೆವ್ವ ಅವನ ಕಕ್ಷಿದಾರಳು. ಅವಳು ಕೇಸು ಹಾಕಿದ್ದು ಇದೇ ಅಕೀಬನ ಮೇಲೆ, ಇದೇ ಕಾರಿನಲ್ಲಿ ಆದ ಅಪಘಾತಕ್ಕೆ.

“ಆಯಿ, ಯಾರ ಮ್ಯಾಲ ಕೇಸ ಹಾಕೀರೋ ಅವನ ಗಾಡ್ಯಾಗ ಕೋರ್ಟಿಗೆ ಬಂದ್ರ ಹೆಂಗರಿ?”

“ಮತ್ತ್ಯಾರ ಗಾಡ್ಯಾಗ ಬರ್ಲಿ ಯಪ್ಪಾ? ಬ್ಯಾರೇದವ್ರು ರೊಕ್ಕ ತಗೋತಾರ.”

ಹಿಂದಿನ ಸೀಟಿನಿಂದ ಅಕೀಬನ ತಾಯಿ ಅಬೀದಾ ಕೂಡ ಇಳಿದಳು. ಅವಳಿಗೆ ಕೋರ್ಟಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಕೋರ್ಟು ಒಳಗೆ ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲವೆಂದು ಬಂದಿದ್ದಳು. ಕೈಯಲ್ಲಿ ಮೂವರಿಗೂ ಸಾಲುವಷ್ಟು ರೊಟ್ಟಿಯ ಗಂಟಿತ್ತು. ವಿಮೆ ಕಂಪನಿಯ ವಕೀಲರು ಮೆಟ್ಟಿಲ ಮೇಲೆ ನಿಂತು ಈ ಮೆರವಣಿಗೆಯನ್ನು ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಐದಾರು ತಿಂಗಳ ಹಿಂದೆ ಹೊಳೆವ್ವನ ಮಗಳು ಲಕ್ಷ್ಮೀ ಬೈರಿದೇವರಕೊಪ್ಪದ ಗಂಡನ ಮನೆಯಲ್ಲಿ ಎರಡನೆಯ ಮಗುವನ್ನು ಹೆತ್ತಾಗ, ಬಾಣಂತನ ಮಾಡಲು ಹೊಳೆವ್ವ ಮುಗದದಿಂದ ಹೊರಟಿದ್ದಳು. ಧಾರವಾಡದ ತನಕ ಬಸ್ಸು. ಕೈಯಲ್ಲಿ ಗಂಟುಗಳು ಬಹಳ ಇವೆಯೆಂದು ಅಳಿಯ ದುರ್ಗೇಶ ಮುಂದಿನ ದಾರಿಗೆ ಮೊಬೈಲಿನಲ್ಲೇ ಕಾರು ಬುಕ್ ಮಾಡಿದ್ದ. ಹಾಗೆ ಸಿಕ್ಕವನು ಅಕೀಬ. ನವಲೂರಿನ ಹತ್ತಿರ ಕಾರು ಓರೆಯಾಗಿ, ರಸ್ತೆಯ ನಡುವೆ ಚಿಗರಿ ಬಸ್ಸುಗಳಿಗೆಂದೇ ಬಿಟ್ಟ ದಾರಿಗೆ ಹಾಕಿದ ಕಬ್ಬಿಣದ ಕಂಬಿಗೆ ಬಡಿಯಿತು. ಅಕೀಬನಿಗೆ ಗೀಚಿದ ಗಾಯವೂ ಆಗಲಿಲ್ಲ. ಹೊಳೆವ್ವನ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು.

ಆಸ್ಪತ್ರೆಗೆ ಪೊಲೀಸರು ಬಂದರು. ಲಕ್ಷ್ಯ ತಪ್ಪಿತು, ತಪ್ಪು ತನ್ನದೇ ಎಂದು ಅಕೀಬ ಬರೆಸಿ ದಂಡ ಕಟ್ಟಿದ. ಹೊಳೆವ್ವ ಮಾತ್ರ, ಹುಡುಗನದು ಏನೂ ತಪ್ಪಿಲ್ಲ, ನಾಯಿ ಅಡ್ಡ ಬಂತು ಎಂದಳು. ಎಂಥ ನಾಯಿ ಎಂದು ಕೇಳಿದಾಗ, ಕರಿದು ಎಂದಳು. ನಾಯಿ ಕರಿದೂ ಇರಲಿಲ್ಲ, ಬಿಳಿದೂ ಇರಲಿಲ್ಲ. ಆ ದಿನ ಆ ದಾರಿಯಲ್ಲಿ ನಾಯಿಯೇ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಒಬ್ಬರ ಮುಂದೊಬ್ಬರು ಆ ಮಾತು ತೆಗೆಯಲಿಲ್ಲ.

ಕೈಗೆ ಪಟ್ಟಿ ಬಿದ್ದ ಮೇಲೆ ಹೊಳೆವ್ವನಿಗೆ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಕೂಸಿಗೆ ಎರೆಯುವವರು ಯಾರು ಎಂಬುದು. ಮುಗದದಲ್ಲಿ ಅರ್ಧ ಓಣಿಯ ಮಕ್ಕಳು ಅವಳ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರು. ಈಗ ಸ್ವಂತ ಮೊಮ್ಮಗಳು ಬಂದಾಗ ಕೈಯಿಲ್ಲ. ಈ ಸುದ್ದಿ ಅಕೀಬನ ಬಾಯಿಂದ ಉಣಕಲ್ಲಿನ ಅವನ ಮನೆಗೆ ಹೋಯಿತು. ಮರುದಿನ ಮುಂಜಾನೆ ಅಬೀದಾ ಲಕ್ಷ್ಮೀಯ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಣ್ಣೆ ಎಲ್ಲಿದೆ ಎಂದು ಕೇಳಿದಳು. ಹೊಳೆವ್ವ ಬಚ್ಚಲ ಬಾಗಿಲಲ್ಲಿ ಕುಳಿತು, ನೀರು ಬಿಸಿಯಾಯಿತು, ಕುತ್ತಿಗೆ ಹಿಡಿ, ಮೂಗು ತೀಡು ಎಂದು ಹೇಳುವುದು. ಅಬೀದಾ ಕೇಳಿಯೂ ಕೇಳದವಳಂತೆ ತನ್ನ ರೀತಿಯಲ್ಲೇ ಎರೆಯುವುದು. ಇಬ್ಬರೂ ದಿನಾ ಜಗಳವಾಡಿದರು. ಒಂದು ದಿನ ಅಬೀದಾ ಬರುವುದು ತಡವಾದರೆ ಹೊಳೆವ್ವ ರಸ್ತೆಯ ತುದಿಗೆ ಹೋಗಿ ನಿಲ್ಲುತ್ತಿದ್ದಳು.

ತೊಡಕಾದದ್ದು ಆಮೇಲೆ. ಮಾಳಿಗೆಯ ಮೇಲೆ ಖೋಲಿ ಕಟ್ಟಿಸಲು ದುರ್ಗೇಶ ಕೂಡಿಟ್ಟದ್ದೆಲ್ಲ ಆಸ್ಪತ್ರೆಗೆ ಹೋಗಿತ್ತು. ಅಕೀಬ ಬಂದು, ಆ ಖರ್ಚು ತಾನೇ ಕೊಡುವುದಾಗಿ ಮಾತು ಕೊಟ್ಟ. ಕಾರು ನೋಡಲು ಒಬ್ಬ ಗಿರಾಕಿಯನ್ನೂ ಕರೆಸಿದ್ದನೆಂದು ಅಬೀದಾಳ ಬಾಯಿಂದ ತಿಳಿಯಿತು. ಕಾರು ಹೋದರೆ ಅವನ ಹೊಟ್ಟೆಪಾಡೂ ಹೋದಂತೆ. ಹೊಳೆವ್ವ ಗಾಬರಿಯಾಗಿ ಪ್ರಬುದ್ಧನ ಹತ್ತಿರ ಹೋದಳು. ಅವನು ಕಾಗದಗಳನ್ನೆಲ್ಲ ನೋಡಿದ. ಬುಕಿಂಗ್ ಮೊಬೈಲಿನಲ್ಲಿತ್ತು. ಕಾರಿಗೆ ಹಳದಿ ಬೋರ್ಡಿತ್ತು. ವಿಮೆಯೂ ಇತ್ತು. ಕಂಪನಿಯವರಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ನಾಯಿಯೊಂದೇ.

“ತಪ್ಪು ಅಕೀಬಂದು ಅಂತ ಆದ್ರ ರೊಕ್ಕಾ ಕಂಪನಿ ಕೊಡ್ತೈತ್ರಿ ಆಯಿ,” ಎಂದು ಪ್ರಬುದ್ಧ ಬಿಡಿಸಿ ಹೇಳಿದ್ದ. “ತಪ್ಪು ನಾಯೀದು ಅಂತ ಆದ್ರ ಯಾರು ಕೊಡಬೇಕು? ನಾಯಿಗೆ ಇನ್ಶೂರೆನ್ಸ್ ಎಲ್ಲೈತಿ?”

ಅಷ್ಟು ತಿಳಿಯದವಳಲ್ಲ ಹೊಳೆವ್ವ. ಆದರೆ ಅಬೀದಾಳ ಕೈಯಲ್ಲಿ ಕೂಸನ್ನು ಕೊಟ್ಟು, ಅವಳ ಮಗ ತಪ್ಪು ಮಾಡಿದ ಎಂದು ಜನರ ಮುಂದೆ ನಿಂತು ಹೇಳುವುದು ಹೇಗೆ? ಅಕೀಬನೇ ಬಂದು ಬೇಡಿಕೊಂಡ. ನನ್ನ ಮ್ಯಾಲ ಹಾಕ್ರಿ ಆಯಿ, ಜೋರಾಗಿ ಹಾಕ್ರಿ ಎಂದ. ಕೇಸಿನ ಅರ್ಜಿಗೆ ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳೇ ಹೊರತು, ಬಾಯಿಬಿಟ್ಟು ಏನು ಹೇಳುತ್ತೇನೆಂದು ಯಾರಿಗೂ ಮಾತು ಕೊಡಲಿಲ್ಲ. ಇವತ್ತು ಬಾಯಿಬಿಡುವ ದಿನ.

ಜಡ್ಜ್ ಹೆಂಗಸು, ನಡುವಯಸ್ಸಿನವರು, ಮುಖದಲ್ಲಿ ಬೆಳಗಿನಿಂದ ಕುಳಿತ ದಣಿವಿತ್ತು. ಹೊಳೆವ್ವ ಕಟಕಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆಂದು ದೇವರ ಮೇಲೆ ಆಣೆ ಮಾಡಿದಳು. ಕಂಪನಿಯ ವಕೀಲರು ಎದ್ದು ಬಂದರು. ಬಹಳ ನಯವಾಗಿ, ಮನೆಯ ಮಗನಂತೆ ಮಾತಾಡಿಸಿದರು. ಊಟವಾಯಿತೇ, ಕೈ ಈಗ ಹೇಗಿದೆ ಎಂದು ವಿಚಾರಿಸಿ, ಆ ದಿನ ಒಂದು ಕರಿ ನಾಯಿ ಕಾರಿಗೆ ಅಡ್ಡ ಬಂದಿತ್ತಲ್ಲವೇ ಎಂದರು.

ಹೊಳೆವ್ವ ಕೋಣೆಯ ಹಿಂದಿನ ಬೆಂಚನ್ನು ನೋಡಿದಳು. ಅಕೀಬ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದ. ಪಕ್ಕದಲ್ಲಿ ಅಬೀದಾ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದಳು.

“ನಾಯಿ ಬಂದಿಲ್ಲರಿ,” ಎಂದಳು ಹೊಳೆವ್ವ.

“ಪೊಲೀಸರ ಮುಂದ ಬಂದಿತ್ತು ಅಂತ ಹೇಳೀರಿ?”

“ಅಲ್ಲೆ ಬಂದಿತ್ರಿ. ಇಲ್ಲೆ ಆಣಿ ಮಾಡಿಸೀರಿ, ಇನ್ನ ಬರಂಗಿಲ್ಲ ಅದು.”

ಹಿಂದೆ ಕುಳಿತ ಯಾರೋ ವಕೀಲರು ನಕ್ಕರು. ಜಡ್ಜ್ ತಲೆಯೆತ್ತಿ, ಪೊಲೀಸರ ಮುಂದೆ ಸುಳ್ಳು ಹೇಳಬಾರದೆಂದು ಗದರಿದರು. ಹೇಳಬಾರದರಿ ಎಂದು ಹೊಳೆವ್ವ ಒಪ್ಪಿಕೊಂಡಳು. ಹಾಗಾದರೆ ನಡೆದದ್ದೇನು ಎಂದು ಅವರು ಕೇಳಿದರು.

ಹೊಳೆವ್ವ ನಿಧಾನವಾಗಿ ಮೊದಲಿನಿಂದ ಹೇಳಿದಳು. ಮಗಳಿಗೆಂದು ಡಬ್ಬಿಯ ತುಂಬ ಉಂಡಿ ಕಟ್ಟಿಕೊಂಡು ಹೊರಟದ್ದು. ದಾರಿಯಲ್ಲಿ ಹುಡುಗನನ್ನು ಮಾತಾಡಿಸಿದರೆ ಬೆಳಗಿನಿಂದ ಬಾಡಿಗೆಯ ಮೇಲೆ ಬಾಡಿಗೆ, ಹೊಟ್ಟೆಗೆ ಏನೂ ಹಾಕಿಲ್ಲ ಎಂದದ್ದು. ಉಂಡಿ ತೆಗೆದು ಕೊಟ್ಟರೆ ಬೇಡ ಎಂದ, ಇಳಿದ ಮೇಲೆ ತಿನ್ನುತ್ತೇನೆ ಎಂದ. ಇಳಿದ ಮೇಲೆ ನೀನು ಹೋಗಿಬಿಡುತ್ತೀ, ಈಗಲೇ ತಿನ್ನು ಎಂದು ತಾನೇ ಮುಖದ ಹತ್ತಿರ ಹಿಡಿದದ್ದು. ಆಗ ಅವನು ಈ ಕಡೆ ಹೊರಳಿ, ಬಲಗೈ ಚಾಚಿ ಇಸಿದುಕೊಂಡದ್ದು. ಉಂಡಿ ಅವನ ಕೈಗೆ ಸೇರುವುದಕ್ಕೂ ಕಾರು ಕಂಬಿಗೆ ಸೇರುವುದಕ್ಕೂ ಸರಿಹೋಯಿತು.

ಕಂಪನಿಯ ವಕೀಲರು ಅಲ್ಲಿಗೇ ಕುಳಿತುಬಿಟ್ಟಿದ್ದರೆ ಚೆನ್ನಾಗಿತ್ತು. ಅವರಿಗೆ ಅದು ನಂಬುವ ಮಾತು ಅನ್ನಿಸಲಿಲ್ಲ.

“ಬಲಗೈಯಾಗ ಸ್ಟೀರಿಂಗ್ ಇತ್ತು. ಎಡಗೈ ನಿಮ್ಮ ಕಡೇನ ಇತ್ತು. ಅದನ್ನ ಬಿಟ್ಟು ಬಲಗೈ ಯಾಕ ಚಾಚಬೇಕು?”

ಹೊಳೆವ್ವ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ಸಾಹೇಬ್ರ, ನೀವು ಈ ಕಡೇವರ ಅದೀರಿಲ್ಲೋ? ಹಿರ್ಯಾರು ತಿನ್ನಾಕ ಕೊಟ್ಟದ್ದನ್ನ ಎಡಗೈಲೆ ಇಸ್ಕೊಂತೀರೇನು? ಆ ಹುಡುಗ ಇಸ್ಕೊಳ್ಳಲಿಲ್ಲರಿ. ಅವರವ್ವ ಹಂಗ ಬೆಳಸಿಲ್ಲ ಅವನ್ನ.”

ಅಬೀದಾ ಫ್ಯಾನಿನಿಂದ ಕಣ್ಣು ಕೆಳಗಿಳಿಸಿದಳು.

“ಅಂದ್ರ,” ಎಂದರು ಜಡ್ಜ್, ತುಟಿ ಬಿಗಿಹಿಡಿದುಕೊಂಡು, “ಆ ಹೊತ್ತಿನ್ಯಾಗ ಸ್ಟೀರಿಂಗ್ ಮ್ಯಾಲ ಅವನ ಕೈ ಇದ್ದಿದ್ದಿಲ್ಲ?”

“ಇದ್ದಿದ್ದಿಲ್ಲರಿ. ಉಂಡಿ ಮ್ಯಾಲ ಇತ್ರಿ. ಕೊಟ್ಟಾಕಿ ನಾನು, ತಪ್ಪು ನನ್ನ ಹೆಸರಿಗೆ ಬರಕೋರಿ.”

ಟೈಪ್ ಮಾಡುವ ಹುಡುಗಿ ಕೈ ತಡೆದು ಕುಳಿತಿದ್ದಳು. ಜಡ್ಜ್ ಅವಳಿಗೆ ಬರೆಸತೊಡಗಿ, ನಡುವೆ ನಿಲ್ಲಿಸಿ, ಶೇಂಗಾ ಉಂಡಿಯೋ ಅಂಟಿನ ಉಂಡಿಯೋ ಎಂದು ಕೇಳಿದರು. ಅಂಟಿನದು, ಬಾಣಂತಿಗೆ ಎಂದು ಮಾಡಿದ್ದು, ಉತ್ತತ್ತಿ ಹೆಚ್ಚು ಹಾಕಿದ್ದೆ ಎಂದು ಹೊಳೆವ್ವ ಹೇಳಿದಳು. ಅಂಟಿನ ಉಂಡಿ ಎಂದೇ ಬರೆಸಿದರು. ಕಂಪನಿಯ ವಕೀಲರು ಕುಳಿತರು.

ಹೊರಗೆ ಬೇವಿನ ಕೆಳಗೆ ಬಂದಾಗ ಹೊಳೆವ್ವನ ಮುಖ ಇಳಿದಿತ್ತು. ಹುಡುಗನನ್ನು ಹೊಗಳಿ ಕೇಸು ಕೆಡಿಸಿದೆ, ಇನ್ನು ಕಾರು ಹೋಯಿತು ಎಂದೇ ಅವಳು ತಿಳಿದಿದ್ದಳು. ಪ್ರಬುದ್ಧ ಎಲ್ಲರಿಗೂ ಚಹಾ ಹೇಳಿ, ಕುಡಿಯಲಾಗದಷ್ಟು ನಗುತ್ತಿದ್ದ. ಸ್ಟೀರಿಂಗ್ ಬಿಟ್ಟು ಉಂಡಿ ಹಿಡಿದ ಎನ್ನುವುದಕ್ಕಿಂತ ದೊಡ್ಡ ನಿರ್ಲಕ್ಷ್ಯ ಕಾಯಿದೆಯಲ್ಲಿ ಬೇಕಾಗಿಲ್ಲ, ತಾನು ಅವಳಿಗೆ ಕಲಿಸಿಕೊಟ್ಟಿದ್ದರೂ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ ಎಂದು ಅವನು ಅಂದದ್ದು ಅವಳಿಗೆ ಅರ್ಥವಾಗಲು ಒಂದು ಚಹಾದ ಹೊತ್ತು ಹಿಡಿಯಿತು.

ಅಕೀಬ ಮಾತ್ರ ಸಿಟ್ಟಿನಲ್ಲಿದ್ದ.

“ಉಂಡಿ ಮಾತು ಯಾಕ ತಗದ್ರಿ ಆಯಿ? ನಿಮ್ಮ ಮ್ಯಾಲ ಬರ್ತದಂತ ನಾ ನಮ್ಮವ್ವನ ಮುಂದೂ ಅಂದಿದ್ದಿಲ್ಲ.”

“ನಾ ನಾಯಿ ತರ್ಲಿಲ್ಲೇನೋ ನಿನ್ನ ಸಲುವಾಗಿ?” ಎಂದಳು ಹೊಳೆವ್ವ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಆಸ್ಪತ್ರೆಯ ಖರ್ಚು, ಕೈಗಾದ ನೋವಿಗೆ ಪರಿಹಾರ, ಎಲ್ಲವನ್ನೂ ವಿಮೆ ಕಂಪನಿ ಕೊಡಬೇಕೆಂದಿತ್ತು. ಓಡುವ ಕಾರಿನಲ್ಲಿ ಚಾಲಕನಿಗೆ ತಿನಿಸು ಹಿಡಿದ ಅರ್ಜಿದಾರಳದ್ದೂ ಒಂದಿಷ್ಟು ತಪ್ಪಿದೆಯೆಂದು ಅದರಲ್ಲಿ ಸ್ವಲ್ಪ ಕಡಿತ ಮಾಡಿದ್ದರು. ಪ್ರಬುದ್ಧ ಆ ಸಾಲನ್ನು ತಗ್ಗಿದ ದನಿಯಲ್ಲಿ ಓದಿದ. ಹೊಳೆವ್ವ ಅದನ್ನೇ ಮತ್ತೊಮ್ಮೆ ಓದಿಸಿ ಕೇಳಿ, ಈಗ ಸರಿಹೋಯಿತು ಎಂದಳು. ದುರ್ಗೇಶನ ಮಾಳಿಗೆಯ ಮೇಲೆ ಇಟ್ಟಿಗೆ ಬಂದು ಬಿದ್ದವು. ಕಾರಿನ ಗಿರಾಕಿಗೆ ಅಕೀಬ ಫೋನು ಮಾಡಿ, ಗಾಡಿ ಕೊಡುವುದಿಲ್ಲ ಎಂದ. ಅಬೀದಾಳಿಗೆ ಮಾತ್ರ ಒಂದು ಸಂಗತಿ ಮನಸ್ಸಿನಲ್ಲಿ ಉಳಿದಿತ್ತು.

“ಅಲ್ಲಕ್ಕಾ, ಇಷ್ಟೆಲ್ಲಾ ಆಗಿ ನನ್ನ ಮಗ ಆ ಉಂಡಿ ತಿಂದ್ನೋ ಇಲ್ಲೋ?”

ತಿಂದಿರಲಿಲ್ಲ. ಅದು ಸೀಟಿನ ಕೆಳಗೆ ಎಲ್ಲೋ ಉರುಳಿ ಹೋಗಿತ್ತು.

ಹೊಳೆವ್ವ ಊರಿಗೆ ಮರಳುವ ದಿನ ಅಕೀಬನೇ ಕಾರು ತಂದ. ಮೊಮ್ಮಗಳು ಆಗಲೇ ಹೊಸ್ತಿಲು ಹಿಡಿದು ನಿಲ್ಲುತ್ತಿದ್ದಳು. ಅಬೀದಾಳ ಸೆರಗು ಹಿಡಿದು ನಿಂತವಳು ಅಜ್ಜಿಗೆ ಟಾಟಾ ಮಾಡಲು ಒಂದು ಕೈ ಬಿಟ್ಟು ಕುಂಡಿಯೂರಿ ಕುಳಿತಳು. ಹೊಳೆವ್ವನ ತೊಡೆಯ ಮೇಲೆ ಡಬ್ಬಿಯಿತ್ತು. ಕೈ ಮುರಿದ ಮೇಲೆ ಅವಳು ಮೊದಲ ಸಲ ಕಟ್ಟಿದ ಉಂಡಿಗಳು. ಮೊದಲಿನಂತೆ ದುಂಡಗಾಗಿರಲಿಲ್ಲ, ಒಂದೊಂದು ಒಂದೊಂದು ಕಡೆ ಸೊಟ್ಟಗಿದ್ದವು. ಆದರೆ ಒಡೆದಿರಲಿಲ್ಲ.

ನವಲೂರಿನ ಹತ್ತಿರ ಬಂದಾಗ, ಮಾಸಿದ ಕಂಬಿಗಳ ಸಾಲಿನಲ್ಲಿ ಹೊಸದಾಗಿ ಕೂಡಿಸಿದ ಒಂದು ತುಂಡು ಬಿಸಿಲಿಗೆ ಹೊಳೆಯುತ್ತಿತ್ತು. ಹೊಳೆವ್ವ ಅದನ್ನು ನೋಡಿದಳು, ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟಳು, ತೆರೆಯಲಿಲ್ಲ. ಅಕೀಬನೇ ಸ್ವಲ್ಪ ಮುಂದೆ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಹ್ಯಾಂಡ್ ಬ್ರೇಕ್ ಎಳೆದ. ಕೀಲಿ ತಿರುಗಿಸಿ ಇಂಜಿನ್ ಆರಿಸಿ, ಕೀಲಿಯನ್ನು ತೆಗೆದು ಎದುರಿಗಿಟ್ಟ. ಮೊಬೈಲಿನಲ್ಲಿ ಹೊಸ ಬಾಡಿಗೆಯ ಗಂಟೆ ಬಡಿಯತೊಡಗಿತು, ಬಡಿಯಲು ಬಿಟ್ಟ. ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ.

“ಈಗ ಕೊಡ್ರಿ ಆಯಿ.”

ಅವಳು ದೊಡ್ಡದೊಂದನ್ನು ಆರಿಸಿ ಕೊಟ್ಟಳು. ಅವನು ತಿನ್ನುವುದನ್ನು ನೋಡುತ್ತ ಕುಳಿತಳು. ಆಚೆ ದಾರಿಯಲ್ಲಿ ಚಿಗರಿ ಬಸ್ಸೊಂದು ಸುಯ್ಯೆಂದು ಹೋಯಿತು. ಅದರ ಗಾಳಿ ಕಳೆದ ಮೇಲೆ, ಎಲ್ಲಿಂದಲೋ ಒಂದು ನಾಯಿ ಬಂದು ಕಾರಿನ ಬಾಗಿಲ ಹತ್ತಿರ ನಿಂತು ಬಾಲ ಆಡಿಸಿತು. ಬಿಳಿದು, ಕಿವಿಯ ಮೇಲೊಂದು ಕಂದು ಮಚ್ಚೆ. ಹೊಳೆವ್ವ ಇನ್ನೊಂದು ಉಂಡಿಯನ್ನು ಮುರಿದು, ಬಾಗಿಲು ತೆರೆದು, ಬಗ್ಗಿ, ಅದರ ಮುಂದೆ ಇಟ್ಟಳು.