ಕೊಟ್ಟ ಸಾಲನ್ನೆಲ್ಲ ಹಾಡುವವಳು

ಶಿತಾಯೆ ಯಾರ ಮಾತನ್ನೂ ಕೇಳುವವಳಲ್ಲ. ಆದರೆ ಯಾರು ಏನು ಹೇಳಿದರೂ ಹಾಡುವವಳು. ಅಡಿಸ್ ಅಬಾಬಾದ ಪಿಯಾಸಾದಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ಬ್ಯಾಂಡು ನುಡಿಸುವ ಹೋಟೆಲಿನ ಮೆಟ್ಟಿಲನ್ನು ಅವಳು ಏರಿ ಬರುವ ರೀತಿಯೇ ಒಂದು ಜಗಳಕ್ಕೆ ಪೀಠಿಕೆಯಂತಿರುತ್ತದೆ. ಎಡ ಹೆಗಲು ಮುಂದೆ, ತಲೆ ಹಿಂದೆ, ಬಿಳಿಯ ಹೊದಿಕೆಯ ಮೇಲೆ ತೀರಿಹೋದ ಗಂಡನ ಬೂದುಬಣ್ಣದ ಸೈನಿಕ ಕೋಟು. ಎದುರು ಸಿಕ್ಕವರ ಕ್ಷೇಮ, ಅವರ ಅತ್ತೆಯ ಕ್ಷೇಮ, ಮನೆಯಲ್ಲಿ ಹೇಸರಗತ್ತೆಯಿದ್ದರೆ ಅದರ ಕ್ಷೇಮ, ಎಲ್ಲವನ್ನೂ ವಿಚಾರಿಸಿ, ಪ್ರತಿಯೊಂದಕ್ಕೂ ದೇವರಿಗೆ ಸ್ತೋತ್ರ ಹೇಳಿ ಮುಗಿಸುವ ತನಕ ನಾವು ವಾದ್ಯಗಳನ್ನು ಹಿಡಿದುಕೊಂಡು ಕಾಯುತ್ತಿರಬೇಕು. ಅವಳಿಗೆ ಅವಸರ ಎಂಬುದೇ ಗೊತ್ತಿಲ್ಲ.

ಅವಳದು ಗೊಂಡರಿನ ಅಜ್ಮಾರಿಗಳ ಮನೆತನ. ತಲೆಮಾರುಗಳಿಂದ ಮದುವೆ, ಕೂಟ, ಪಾನಗೃಹಗಳಲ್ಲಿ ಹಾಡಿ ಬದುಕಿದ ಆ ಜನಕ್ಕೆ ಒಂದು ಧರ್ಮವಿದೆ. ಕೇಳುಗರಲ್ಲಿ ಯಾರಾದರೂ 'ತಗೋ' ಎಂದು ಕೂಗಿ ಒಂದು ಸಾಲು ಕೊಟ್ಟರೆ, ಅದು ಹೊಗಳಿಕೆಯಿರಲಿ ಬೈಗುಳವಿರಲಿ, ಒಂದಕ್ಷರ ಬಿಡದೆ ಹಾಡಲೇಬೇಕು. ಜಾಜ್ ಬ್ಯಾಂಡಿಗೆ ಬಂದ ಮೇಲಾದರೂ ಈ ಪದ್ಧತಿಯನ್ನು ಮನೆಯಲ್ಲಿಟ್ಟು ಬರಬಹುದಿತ್ತಲ್ಲ? ಊಹೂಂ. ನಾನು ಪಿಯಾನೋಗೆಂದು ವಾರಗಟ್ಟಲೆ ಕೂತು ಹೆಣೆದ ಸ್ವರಸಂಯೋಜನೆಗಳು, ನಮ್ಮ ದಗ್ನೆ ಉಸಿರು ಬಿಗಿಹಿಡಿದು ಸ್ಯಾಕ್ಸೊಫೋನಿನಲ್ಲಿ ಕಟ್ಟುವ ಆಲಾಪಗಳು, ಇವುಗಳ ನಟ್ಟನಡುವೆ ಯಾವನೋ ಕಟುಕ ಎದ್ದು ತನ್ನ ಅತ್ತೆಯ ನಾಲಿಗೆಯ ಬಗ್ಗೆ ಒಂದು ಸಾಲು ಎಸೆದರೆ, ಈ ಮಹಾತಾಯಿ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಹಾಡುತ್ತಿದ್ದಳು. ಸಭೆ ಬಿದ್ದು ಬಿದ್ದು ನಗುತ್ತಿತ್ತು, ದಗ್ನೆ ಮುಖ ಗಂಟಿಕ್ಕುತ್ತಿದ್ದ.

ನನ್ನ ಪಿಯಾನೋದ ಮೇಲೂ ಅವಳಿಗೆ ಅಷ್ಟೇನೂ ಗೌರವವಿರಲಿಲ್ಲ. ಅವಳ ಕಂಠ ನಿಲ್ಲುವ ಜಾಗದಲ್ಲಿ ನನ್ನ ವಾದ್ಯಕ್ಕೆ ಸ್ವರವೇ ಇಲ್ಲವೆಂದು ನಾನು ಒಮ್ಮೆ ಗೊಣಗಿದಾಗ ಅವಳು ಸಾವಧಾನವಾಗಿ ಹೇಳಿದ್ದಳು: "ಬಿಳಿ ಮನೆಗೂ ಕರಿ ಮನೆಗೂ ನಡುವೆ ಒಂದು ಸಂದಿ ಇದೆಯಲ್ಲ, ನಾನಿರೋದು ಅಲ್ಲಿ. ಬಂದ್ರೆ ಬಾ, ಇಲ್ದಿದ್ರೆ ಸುಮ್ನೆ ಕೂತ್ಕೊ." ನಾನು ಸುಮ್ಮನೆ ಕೂತೆ. ಎಲ್ಲಿ ಸುಮ್ಮನಿರಬೇಕೆಂದು ಕಲಿತ ಮೇಲೆಯೇ ನನ್ನ ನುಡಿಸಾಣಿಕೆಗೆ ಒಂದು ಕಳೆ ಬಂತೆಂದು ಬಲ್ಲವರು ಹೇಳುತ್ತಾರೆ. ಅದನ್ನು ಅವಳ ಮುಂದೆ ಹೇಳಿ ಅವಳ ತಲೆ ತಿರುಗಿಸುವಷ್ಟು ದಡ್ಡ ನಾನಲ್ಲ.

ಎರಡು ವರ್ಷದ ಹಿಂದೆ, ಈಸ್ಟರಿನ ದೀರ್ಘ ಉಪವಾಸ ಮುಗಿದ ವಾರದಲ್ಲಿ, ನನ್ನ ಎಡಭಾಗಕ್ಕೆ ಲಕ್ವ ಹೊಡೆಯಿತು. ಕಾಲು ಮರಳಿ ಬಂತು, ಕೈ ಬರಲಿಲ್ಲ. ಪಿಯಾನೋ ನುಡಿಸುವವನಿಗೆ ಎಡಗೈ ಹೋದರೆ ಉಳಿಯುವುದೇನು? ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಹೊದಿಸಿ, ಇನ್ನು ಈ ಜನ್ಮಕ್ಕೆ ಸಾಕೆಂದು ಕೂತೆ. ಬಂದವರೆಲ್ಲ ಕಣ್ಣೊರೆಸಿಕೊಂಡು ಹೋದರು. ಶಿತಾಯೆ ಹುರಿದ ಬಾರ್ಲಿ ಕಟ್ಟಿಕೊಂಡು ಬಂದವಳು ಕಣ್ಣೊರೆಸಿಕೊಳ್ಳಲಿಲ್ಲ. ನನ್ನ ಹೆಂಡತಿ ಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಡುವ ತನಕ ಸಂತೆಯ ಮೆಣಸಿನಕಾಯಿಯ ವಿಚಾರವನ್ನೇ ಆಡಿದಳು. ಕೊನೆಯ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನಮ್ಮಪ್ಪನ ಮಸಿಂಕೊಗೆ ಎಷ್ಟು ತಂತಿ, ಹೇಳು."

"ಒಂದು," ಎಂದೆ.

"ಅದೊಂದರಲ್ಲೇ ಆತ ಮನೆ ತುಂಬ ಮಕ್ಕಳನ್ನ ಸಾಕಿದ. ನೀನು ಐದು ಬೆರಳಿಟ್ಕೊಂಡು ಅಳ್ತೀಯ. ಭಾನುವಾರ ಬಾ."

ಹೋದೆ. ಎಡಗೈಯ ಕೆಲಸವನ್ನು ಬಾಸ್ ಗಿಟಾರಿನವನಿಗೆ ಒಪ್ಪಿಸಿದ್ದಳು. ಅಡ್ಡ ಬರಬೇಡವೆಂದು ದಗ್ನೆಗೂ ತಾಕೀತು ಮಾಡಿದ್ದಳು. ಕಳೆದುಹೋದದ್ದನ್ನು ನೆನೆಯುವ ತಿಜಿತಾ ರಾಗದ ಹಾಡು ಶುರುವಾಯಿತು. ಐದು ಬೆರಳು ಹಾಗೂ ಹೀಗೂ ದಾರಿ ಹಿಡಿದವು. ಇಂದು ಗೆದ್ದರೆ ಕಲಾವಿದ, ಇಲ್ಲವಾದರೆ ಮನೆಯ ಮೂಲೆಯಲ್ಲಿ ಕೂರುವ ರೋಗಿ ಎಂಬುದು ನನಗೆ ಸ್ಪಷ್ಟವಾಗಿತ್ತು. ಆಗಲೇ ಮುಂದಿನ ಮೇಜಿನಿಂದ, ಜೇನುಮದ್ಯದ ಬುರುಡೆ ಖಾಲಿ ಮಾಡಿದ್ದ ಟೈ ಕಟ್ಟಿದ ಮಹಾಶಯರೊಬ್ಬರು ಎದ್ದು, "ತಗೋ ಅಕ್ಕಾ," ಎಂದು ಸಾಲು ಕೊಟ್ಟರು.

"ಹೊಸ ಅಂಗಿ ಹೊಲಿಸಿದೆ, ತೋಳು ಒಂದೇ ಬಂತು;
ಹಾಡು ಕೇಳಲು ಬಂದೆ, ಅರ್ಧವೇ ಸಿಕ್ಕಿತು."

ದಗ್ನೆ ತುಟಿಯಿಂದ ವಾದ್ಯ ತೆಗೆದ. ಇವಳು ಕೇಳಿಸಲಿಲ್ಲವೆಂದು ನಟಿಸಲಿ, ಇದೊಂದು ಸಲ ಧರ್ಮಕ್ಕೆ ರಜೆ ಕೊಡಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಶಿತಾಯೆ ನನ್ನನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ, ಹಾಡಿದಳು. ಅಂಗಿಯನ್ನೂ ಹಾಡಿದಳು, ತೋಳನ್ನೂ ಹಾಡಿದಳು. 'ಅರ್ಧ' ಎಂಬ ಮಾತಿನ ಮೇಲೆ ನಿಂತು ಕಂಠವನ್ನು ಎಳೆ ಎಳೆಯಾಗಿ ಬಿಡಿಸಿದಳು. ಕೆಲವರು ನಕ್ಕರು, ಕೆಲವರು ತಟ್ಟೆ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮುಚ್ಚಳಕ್ಕೆ ಕೈ ಹೋಯಿತು.

ಆಗ ಅವಳು ಸಭೆಗೆ ಬೆನ್ನು ಹಾಕಿ ನನ್ನತ್ತ ತಿರುಗಿದಳು. "ಸಿಸಾಯ್, ಈಗ ನೀನು ಕೊಡು."

ವಾದ್ಯದವರು ಸಾಲು ಕೊಡುವುದಿಲ್ಲ. ಇಷ್ಟು ವರ್ಷ ನಾನು ಅವಳ ಹಿಂದೆ ಕೂತವನು, ಬಾಯಿ ತೆರೆದವನಲ್ಲ. ನನಗೆ ಬರುವುದಿಲ್ಲ ಎಂದೆ.

"ಬರುತ್ತೋ ಇಲ್ವೋ ಅಂತ ಕೇಳಿಲ್ಲ ನಾನು. ಕೊಡು. ಕಾಯ್ತೀನಿ."

ಕಾದಳು. ಬಾಸ್ ಅದೇ ನಾಲ್ಕು ಸ್ವರಗಳನ್ನು ಸುತ್ತುತ್ತಿತ್ತು. ಮೇಜು ಮೇಜಿನಲ್ಲೂ ಒಂದೇ ತಟ್ಟೆಯ ಸುತ್ತ ಕೂತ ಜನ ಇಂಜೆರಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದರು. ಒಬ್ಬ ಹೆಂಗಸು ಪಕ್ಕದವಳ ಬಾಯಿಗೆಂದು ಎತ್ತಿದ ತುತ್ತು ಹಾಗೇ ಕೈಯಲ್ಲಿತ್ತು. ಅದನ್ನೇ ನೋಡುತ್ತಾ ನಾನು ಕೊಟ್ಟೆ.

"ಉಣ್ಣಲಿಕ್ಕೂ ಒಂದೇ ಕೈ, ಉಣಿಸಲಿಕ್ಕೂ ಒಂದೇ ಕೈ;
ದೇವರು ನನಗೆ ಉಳಿಸಿದ್ದು ಆ ಕೈಯನ್ನೇ."

ಅವಳು ಹಾಡಿದಳು. ಅದು ಹೇಗಿತ್ತೆಂದು ಬರೆಯಲು ನನಗೆ ಬಾರದು. ಟೈ ಕಟ್ಟಿದವರು ಮೊದಲು ತಲೆ ತಗ್ಗಿಸಿ, ಆಮೇಲೆ ಇನ್ನೊಂದು ಸಲ ಆಗಲೆಂದು ತಾವೇ ಬೇಡಿದರು. ಅಂದಿನಿಂದ ಇಂದಿನವರೆಗೆ ಒಂದು ಭಾನುವಾರವನ್ನೂ ನಾನು ತಪ್ಪಿಸಿಲ್ಲ.

ನೋಯಬಾರದೆಂದು ನಮ್ಮ ಕಿವಿ ಮುಚ್ಚುವ ಸಜ್ಜನರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಗೂ ನಮಸ್ಕಾರ. ಶಿತಾಯೆಯ ಜಾತಿಯವರು ವಿರಳ. ಲೋಕ ನಮಗೆ ಅಂದದ್ದನ್ನು ಅವರು ಮರೆಮಾಚುವುದಿಲ್ಲ, ನಮ್ಮ ಪರವಾಗಿ ತಾವು ಉತ್ತರಿಸಿ ಚಪ್ಪಾಳೆ ಗಿಟ್ಟಿಸುವುದೂ ಇಲ್ಲ. ನಮ್ಮ ಬಾಯಿಂದ ನಮ್ಮ ಮಾತು ಹೊರಡುವ ತನಕ, ಇಡೀ ಸಭೆಯನ್ನು ನಿಲ್ಲಿಸಿಕೊಂಡು, ಕಾಯುತ್ತಾರೆ.