ಅರ್ಧಕ್ಕೆ ಬಿಡಲಾಗದ ಕೆಲಸ

"ಎತ್ರಿ ಇನ್ನ," ಎನ್ನುತ್ತ ಉದಯಕುಮಾರ ಸೊಂಟಕ್ಕೆ ಟವೆಲ್ ಬಿಗಿದು ಚಟ್ಟದ ಬಿದಿರಿಗೆ ಹೆಗಲು ಕೊಟ್ಟ. ಅದರ ಮೇಲೆ ಮಲಗಿದ್ದವನು ಅವನ ತಮ್ಮ ಶಶಿಕುಮಾರ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಲಕಮನಹಳ್ಳಿಯ ಆ ಮನೆಯ ಮುಂದೆ ಹಾಕಿದ ಶಾಮಿಯಾನದಲ್ಲಿ ತಾಯಿ ಉಡಚವ್ವ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ಶಶಿಕುಮಾರನ ಹೆಂಡತಿ ನೀಲಾ ಮಾತ್ರ ಇನ್ನೂ ಅತ್ತಿರಲಿಲ್ಲ. ಮಗಳು ಆರತಿಯ ಬೆನ್ನು ಸವರುತ್ತ, ಬಂದವರಿಗೆ ಕೈಮುಗಿಯುತ್ತ, ಶಾಲೆಯಲ್ಲಿ ಪಾಠಕ್ಕೆ ಕೂತಂತೆ ನೆಟ್ಟಗೆ ಕೂತಿದ್ದಳು.

ಅಷ್ಟರಲ್ಲಿ ಬೈಕೊಂದು ಬಂದು ನಿಂತಿತು. ರಾಯಾಪುರದ ಆಸ್ಪತ್ರೆಯಲ್ಲಿ ಶಶಿಕುಮಾರನ ಜೊತೆ ಕಂಪ್ಯೂಟರಿನ ಕೇಬಲ್ ಎಳೆಯುತ್ತಿದ್ದ ಅಹಮದಸಾಬ ಇಳಿದು ಓಡಿ ಬಂದ.

"ಸ್ವಲ್ಪ ತಡೀರಿ. ಭಾಗ್ಯಾ ಮೇಡಂ ಬರಾಕ ಬೇಕ್ರಿ. ಸರ್ ಕೈಯಾಗ ಕೆಲಸ ಕಲತಾಕಿ. ಒಂದ ಸಮ ಅಳಾಕತ್ತಾಳ್ರಿ ಅಲ್ಲೆ."

"ಅಳೂದು ಖರೇ ಇದ್ರ ಇಷ್ಟೊತ್ತಿಗೆ ಬರ್ತಿದ್ಲು," ಎಂದ ಉದಯಕುಮಾರ. "ಹೊತ್ತು ಮುಳಗೂದ್ರಾಗ ಮಣ್ಣಾಗಬೇಕು."

"ಬೆಳಿಗ್ಗೆ ದವಾಖಾನ್ಯಾಗ ಕಂಪ್ಯೂಟರಿನ ಸ್ವಿಚ್ಚೊಂದು ಸುಟ್ಟು ಹೋತ್ರಿ. ಹೊಸಾದು ಕುಂದರಸಾಕತ್ತಾಳ. ಅರ್ಧಕ್ಕ ಬಿಟ್ಟು ಬರಾಕ ಬರೂದಿಲ್ರಿ."

ನೀಲಾ ತಲೆಯೆತ್ತಿದಳು.

*

ಅದೇ ಮಾತನ್ನು ಅವಳು ಮೊದಲು ಕೇಳಿದ್ದು ಉಪ್ಪಿನಬೆಟಗೇರಿಯಲ್ಲಿ, ತನ್ನ ತಾಯಿ ಹುಲಿಗೆವ್ವ ಸತ್ತ ದಿನ. ಬೆಳಿಗ್ಗೆಯೇ ಗಂಡನಿಗೆ ಫೋನ್ ಮಾಡಿದ್ದಳು. ಮಧ್ಯಾಹ್ನವಾದರೂ ಅವನ ಸುಳಿವಿರಲಿಲ್ಲ. ಮಗ ಇಲ್ಲದ ಹುಲಿಗೆವ್ವ ಅಳಿಯನನ್ನೇ ಮಗನೆಂದುಕೊಂಡವಳು. ಊರ ಹಿರಿಯರು "ಅಳಿಯಗ ಕಾಯೋಣೇನವಾ?" ಎಂದು ಕೇಳಿದಾಗ ನೀಲಾ, "ಕಾಯೂದು ಬ್ಯಾಡ, ಎತ್ರಿ," ಎಂದಿದ್ದಳು.

ಶಶಿಕುಮಾರ ಬಂದಾಗ ಜನ ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದರು.

"ಅರ್ಧಕ್ಕ ಬಿಟ್ಟು ಬರಾಕ ಬರ್ತಿರಲಿಲ್ಲ," ಎಂದಷ್ಟೇ ಅಂದ.

"ನಿಮ್ಮ ವಾಯರು ನಮ್ಮವ್ವಗಿಂತ ಹೆಚ್ಚಾತೇನ್ರಿ?"

ಆಮೇಲೆ ಸಂಸಾರ ನಡೆಯಿತು. ಅಡುಗೆ, ಆರತಿಯ ಓದು, ಹಬ್ಬ ಎಲ್ಲವೂ ನಡೆದವು. ಆದರೆ ಅವನ ಕೆಲಸದ ಬಗ್ಗೆ ಅವಳು ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

*

"ಅಹಮದಣ್ಣಾ," ನೀಲಾ ಎದ್ದು ಬಂದಳು. "ಯಾಕ ಬಿಡಾಕ ಬರೂದಿಲ್ಲ? ನನಗ ತಿಳಿಯೂಹಂಗ ಹೇಳ್ರಿ."

ಚಟ್ಟ ಹೊತ್ತವರು ಹಾಗೇ ನಿಂತರು. ಅಹಮದಸಾಬ ಎರಡು ಬೆರಳು ಎತ್ತಿ ಹೇಳತೊಡಗಿದ.

"ಹಳೇ ಕಟ್ಟಡದಾಗ ಒಂದು, ಹೊಸಾದ್ರಾಗ ಒಂದು ಸ್ವಿಚ್ ಅದಾವ್ರಿ ಅಕ್ಕಾರ. ಎಲ್ಲಾ ಕಂಪ್ಯೂಟರಿನ ಮಾಹಿತಿ ಹಾದು ಹೋಗೂದು ಆ ಡಬ್ಬಿಯೊಳಗ. ನಡುವ ಎರಡು ಕೇಬಲ್. ಒಂದು ಕಡದ್ರೂ ಇನ್ನೊಂದು ನಡಸ್ಲಿ ಅಂತ ಎರಡನ್ನೂ ಕೂಡಿಸಿ ಒಂದ ಮಾಡ್ತಾರ. ಹಂಗ ಅಂತ ಎರಡೂ ಸ್ವಿಚ್ಚಿಗೆ ಟೈಪ್ ಮಾಡಿ ಹೇಳಬೇಕು. ಒಂದಕ್ಕ ಹೇಳಿ ಇನ್ನೊಂದಕ್ಕ ಬಿಟ್ರ, ಹೋದ ಮಾಹಿತಿನ ಸುತ್ತಿ ಸುತ್ತಿ ಬಂದು ಎಲ್ಲಾ ಜಾಮ್ ಆಗ್ತೈತಿ. ಐಸಿಯು, ಲ್ಯಾಬು, ರಕ್ತದ ರಿಪೋರ್ಟು, ಎಲ್ಲಾ."

ಮತ್ತೆ ಅಂದ:

"ಸರ್ ಮೊದಲನೇ ಸಲ ಅದನ್ನ ಮಾಡಿದ ದಿವ್ಸ ನಾನ ಜೋಡಿ ಇದ್ದೆ. ಒಂದು ಕಡೆ ಮುಗದಿತ್ತು. ಇನ್ನೊಂದು ಕಡೆ ಏನೋ ತಪ್ಪಿ ದವಾಖಾನಿ ಪೂರಾ ನಿಂತಬಿಟ್ಟಿತ್ತು. ಅಷ್ಟ್ರಾಗ ಅವರಿಗೊಂದು ಫೋನ್ ಬಂತು. ಕೇಳಿ ಕಿಸೇದಾಗ ಇಟಗೊಂಡ್ರು. ಏನಾತ್ರಿ ಅಂದೆ. ಮುಗಸೋಣು ಅಂದ್ರು. ಒಂದೊಂದು ಸಾಲು ಒತ್ತಿದಂಗ ನನ್ನ ಕಡಿಂದ ಓದಿಸಿ ಕೇಳ್ತಿದ್ರು, ಮತ್ತ ತಪ್ಪಬಾರದು ಅಂತ. ಎಲ್ಲಾ ಚಾಲೂ ಆದಮ್ಯಾಲೆ ಮೆಟ್ಟಲ ಮ್ಯಾಲೆ ಕುಂತು ಅತ್ತಬಿಟ್ರು. ನಮ್ಮತ್ತಿ ಹೋದ್ಲು ಅಂದ್ರು ನೋಡ್ರಿ ಆವಾಗ."

"ನನಗ ಯಾಕ ಹೇಳಲಿಲ್ಲ?" ನೀಲಾಳ ದನಿ ಒಡೆದಿತ್ತು.

"ನಾನೂ ಕೇಳಿದ್ನಿರಿ. ತಾಯಿ ಕಳಕೊಂಡಾಕಿ ಮುಂದ ನೆಪಾ ಹೇಳಲೇನೋ ಅಂದ್ರು."

ಉದಯಕುಮಾರ ಹೆಗಲು ಬದಲಿಸಿದ. "ಆತವಾ ನೀಲಾ. ಆ ಹುಡುಗಿ ನೆಟ್ಟಗ ಮಸಣಕ್ಕ ಬರ್ಲಿ. ಜನಾ ನಿಂತಾರ."

"ಇಳಸ್ರಿ ಭಾವಾ."

"ಏನಂದಿ?"

"ಕೆಳಗ ಇಳಸ್ರಿ. ಎರಡೂ ಕಡೆ ಮುಗಿಸಿ ಬರ್ಲಿ. ಕಾಯೋಣು."

ಯಾರೋ ಗೊಣಗಿದರು. ಉದಯಕುಮಾರ ತಾಯಿಯ ಮುಖ ನೋಡಿದ. ಉಡಚವ್ವ ಚಟ್ಟ ಇಡಲೆಂದು ತಾನು ಕೂತ ಚಾಪೆಯಿಂದ ಬದಿಗೆ ಸರಿದಳು. ನಾಲ್ಕೂ ಜನ ಬಾಗಿದರು.

ಬಿಸಿಲು ಓರೆಯಾಗಿ ಶಾಮಿಯಾನದ ಒಳಗೆ ಬರತೊಡಗಿತ್ತು. ನೀಲಾ ಗಂಡನ ಪಕ್ಕ ಕೂತಳು. ಗದ್ದದವರೆಗೆ ಏರಿದ್ದ ಮಾಲೆಗಳನ್ನು ಒಂದೊಂದಾಗಿ ಎದೆಗೆ ಸರಿಸಿದಳು, ಹಣೆಗೆ ಅಂಟಿದ್ದ ಚೆಂಡುಹೂವಿನ ಎಸಳನ್ನು ತೆಗೆದಳು. ಆಮೇಲೆ ಸೆರಗನ್ನು ಅಗಲವಾಗಿ ಬಿಚ್ಚಿ, ಅವನ ಕಣ್ಣಿಗೆ ಬಿಸಿಲು ಬೀಳದಂತೆ ಎತ್ತಿ ಹಿಡಿದುಕೊಂಡು ಕೂತಳು.